ಎದೆಗೆ ಬಿಗಿಯಾದ ಅಂಗಿ

ಅಂಗಿಯೊಳಗೆ ಹಚ್ಚುವ ಪಟ್ಟಿಯನ್ನು ನಾನು ಮೂವತ್ತು ಸಲ ಒಗೆದು ನೋಡಿದ್ದೆ. ಹತ್ತು ಸಲ ಬಾರ್ ಸೋಪಿನಲ್ಲಿ, ಹತ್ತು ಸಲ ಪುಡಿಯಲ್ಲಿ, ಹತ್ತು ಸಲ ಕುದಿಯುವ ನೀರಿನಲ್ಲಿ. ರಸಾಯನಶಾಸ್ತ್ರ ಓದಿ ಬೈಲಹೊಂಗಲದಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡುವವಳು ನಾನು. ಅಳೆಯದೆ ನಂಬುವ ರೂಢಿಯಿಲ್ಲ. ಪಟ್ಟಿಯ ಮೇಲೆ ಅಚ್ಚಾಗಿದ್ದ ಐದು ಅಂಕಿ, 14416, ಒಂದಿಷ್ಟೂ ಮಾಸಲಿಲ್ಲ. ಮನಸ್ಸು ಕುಸಿದವರು ಯಾವ ಹೊತ್ತಿನಲ್ಲಾದರೂ ಮಾತಾಡಬಹುದಾದ ಸರಕಾರಿ ಸಹಾಯವಾಣಿ ಅದು. ಮೂರನೆಯ ಗುಂಡಿಯ ಹಿಂದೆ, ತೊಟ್ಟವರಿಗೆ ಮಾತ್ರ ಕಾಣುವಂತೆ ಅದನ್ನು ಹೊಲಿಸಬೇಕೆಂದು ನಿರ್ಧರಿಸಿದ್ದೆ.

ಇದಕ್ಕೆಲ್ಲ ಕಾರಣ ನನ್ನ ಅಣ್ಣ ವಿರೂಪಾಕ್ಷ. ನಾಲ್ಕು ವರ್ಷದ ಹಿಂದೆ ಅವನು ಆತ್ಮಹತ್ಯೆ ಮಾಡಿಕೊಂಡ. ಅದಕ್ಕೆ ಮೊದಲಿನ ಮೂರು ತಿಂಗಳು ಮನೆಯಲ್ಲಿ ನಾವೆಲ್ಲ ಅವನ ಸುತ್ತ ಸದ್ದಿಲ್ಲದೆ ಓಡಾಡಿದೆವು. ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದೀತೆಂಬ ಹೆದರಿಕೆ. ಆ ಹೆದರಿಕೆ ತಪ್ಪು, ನೇರವಾಗಿ ಕೇಳಿದರೆ ಎದುರಿನವರಿಗೆ ಹಗುರಾಗುತ್ತದೆ ಎಂದು ಆಮೇಲೆ ಬೆಳಗಾವಿಯಲ್ಲಿ ನಡೆದ ಆತ್ಮಹತ್ಯೆ ತಡೆಯುವ ಎರಡು ದಿನದ ತರಬೇತಿಯಲ್ಲಿ ಕಲಿತೆ. ಕಲಿತೆನೇ ಹೊರತು ಯಾರನ್ನೂ ಕೇಳುವ ಧೈರ್ಯ ಬರಲಿಲ್ಲ. ನನ್ನ ಬದಲು ಅಂಗಿಯಾದರೂ ಮಾತಾಡಲಿ ಎಂದುಕೊಂಡು, ರಾಮದುರ್ಗದ ಮಗ್ಗದ ಬಟ್ಟೆ ತಂದು, ‘ಬಾ, ಕುಂಡ್ರು’ ಎಂದು ಹೆಸರಿಟ್ಟು, ಅಂಗಿ ಹೊಲಿಸಿ ಮಾರುವ ಕೆಲಸ ಶುರುಮಾಡಿದೆ.

ಹೊಲಿದುಕೊಟ್ಟವಳು ನಮ್ಮ ಓಣಿಯ ಕೆಂಚವ್ವ. ಮೂವತ್ತು ವರ್ಷದಿಂದ ಮಷಿನ್ ತುಳಿದವಳು. ಅಕ್ಷರ ಓದಲು ಬಾರದು, ಅಳತೆಯ ಟೇಪಿನ ದೆಸೆಯಿಂದ ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಬಟ್ಟೆಯನ್ನೂ ಪಟ್ಟಿಗಳನ್ನೂ ಅವಳಿಗೆ ಒಪ್ಪಿಸಿ ನಾನು ಕೆಲಸದ ಮೇಲೆ ಒಂದು ವಾರ ಧಾರವಾಡಕ್ಕೆ ಹೋದೆ. ಬರುವಷ್ಟರಲ್ಲಿ ನಲವತ್ತೊಂದು ಅಂಗಿ ಇಸ್ತ್ರಿಯಾಗಿ ಕುಳಿತಿದ್ದವು. ಮಡಿಕೆ ಎಷ್ಟು ಚೆಂದವಿತ್ತೆಂದರೆ ಬಿಚ್ಚಿ ನೋಡಲು ಮನಸ್ಸಾಗಲಿಲ್ಲ. ‘ಮನಸ್ಸು ಭಾರವಾದಾಗ ಮೂರನೆಯ ಗುಂಡಿಯ ಹಿಂದೆ ನೋಡಿ, ಫೋನ್ ಮಾಡಿ’ ಎಂಬ ಚೀಟಿಯನ್ನು ಒಂದೊಂದರ ಮೇಲೂ ಇಟ್ಟು, ನಲವತ್ತನ್ನು ಕಿತ್ತೂರು, ಸವದತ್ತಿ, ರಾಮದುರ್ಗದ ಗಿರಾಕಿಗಳಿಗೆ ಕಳಿಸಿದೆ. ಒಂದನ್ನು ನಾನಿಟ್ಟುಕೊಂಡೆ.

ಹನ್ನೆರಡನೆಯ ದಿನ ಬೆಳಿಗ್ಗೆ ಫೋಟೊ ತೆಗೆಯೋಣವೆಂದು ಅದನ್ನು ಬಿಚ್ಚಿದೆ. ಮೂರನೆಯ ಗುಂಡಿಯ ಹಿಂದೆ ನನ್ನ ಪಟ್ಟಿ ಇರಲಿಲ್ಲ. ಅಲ್ಲಿದ್ದುದು ಕೆಂಚವ್ವನ ಅಂಗಡಿಯ ಪಟ್ಟಿ, ದರ್ಜಿಗಳು ಕಾಲರಿನ ಕೆಳಗೆ ಹಚ್ಚುವಂಥದ್ದು, ಅವಳ ಹತ್ತಂಕಿಯ ಮೊಬೈಲ್ ನಂಬರಿನ ಸಮೇತ.

ಅಂಗಿ ಹಿಡಿದುಕೊಂಡೇ ಅವಳ ಅಂಗಡಿಗೆ ಓಡಿದೆ. ಅವಳು ಕತ್ತರಿ ಕೆಳಗಿಡಲೂ ಇಲ್ಲ.

“ಪ್ರೆಸ್ಸಿನಾವ ಐದು ಅಂಕಿ ನುಂಗಿದ್ದ. ಐದ ನಂಬರಿಗೆ ಯಾವ ಫೋನ್ ಹತ್ತತೈತಿ? ನೀ ಕಲತಾಕಿ, ನಿನಗ ಎಣಸಾಕ ಬರಾಂಗಿಲ್ಲೇನು? ಊರಾಗ ನಿನ್ನ ಮರ್ಯಾದಿ ಹೋಗಬಾರದಂತ ನಾನ ನಂದ ಹಚ್ಚೇನಿ.”

ಮೂವತ್ತು ಸಲ ಒಗೆದು ನೋಡಿದ ನಾನು ಇವಳಿಗೆ ಒಂದು ಸಲವೂ ಆ ನಂಬರು ಯಾವುದೆಂದು ಹೇಳಿರಲಿಲ್ಲ. ಆ ನಲವತ್ತು ಜನರಲ್ಲಿ ಯಾರಾದರೂ ಕೈಸೋತ ಗಳಿಗೆಯಲ್ಲಿ ಫೋನ್ ಮಾಡಿದರೆ ಎತ್ತುವವಳು ಅಳತೆ ಕೇಳುವ ದರ್ಜಿ. ಅಂಗಿ ಯಾತಕ್ಕೆಂದು ಈಗ ಹೇಳಿದೆ, ಅಣ್ಣನ ಹೆಸರು ಹಿಡಿದೇ ಹೇಳಿದೆ. ಕೆಂಚವ್ವ ಕತ್ತರಿ ಕೆಳಗಿಟ್ಟಳು. ಹಾಗಾದರೆ ನಿನ್ನೆ ಫೋನಿನಲ್ಲಿ ಮಾತಾಡಿದ ಆ ಹುಡುಗ... ಎಂದಳು.

ಹಿಂದಿನ ದಿನ ಮುಂಜಾನೆ ರಾಮದುರ್ಗದಿಂದ ಗುರುನಾಥ ಎಂಬವನ ಫೋನ್ ಬಂದಿತ್ತು. ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾನಂತೆ. ಅಂಗಿಯಲ್ಲಿ ನಂಬರ್ ನೋಡಿ ಮಾಡಿದೆನೆಂದು ಹೇಳಿ ಮುಂದೆ ಮಾತೇ ಆಡಲಿಲ್ಲವಂತೆ.

“ಎಲ್ಲೆ ಬಿಗಿ ಆಗೈತಿ ತಮ್ಮಾ ಅಂತ ಕೇಳಿದೆ. ಎದಿಗೆ ಅಂದ. ಅದಕ್ಕ್ಯಾಕ ಚಿಂತಿ ಮಾಡ್ತಿ, ಒಳಗ ಹೊಲಿಗ್ಯಾಗ ಎರಡ ಬೆರಳ ಬಟ್ಟಿ ಬಿಟ್ಟೇನಿ, ಬಿಚ್ಚಿ ಸಡ್ಲ ಮಾಡಿ ಕೊಡತೇನಿ ಅಂದೆ. ಅಳಾಕ ಹತ್ತಿದ. ಅಂಗಿ ಸಲುವಾಗಿ ಯಾರರ ಅಳತಾರೇನವ್ವಾ ಅಂತ ನನಗೂ ಅನಸ್ತು. ಆದ್ರ ಫೋನ್ ಇಡಾಕ ಮನಸ್ಸಾಗಲಿಲ್ಲ.”

ಅವಳು ಅರ್ಧ ತಾಸು ಅವನೊಂದಿಗೆ ಮಾತಾಡಿದ್ದಳು. ಬಹುತೇಕ ತೋಳಿನ ಉದ್ದ, ಗುಂಡಿಯ ಕಾಜು, ರಾಮದುರ್ಗದ ನೇಕಾರರ ವಿಷಯ. ಕೊನೆಗೆ, ನಾಳೆ ಹತ್ತೂವರೆಯ ಹೊತ್ತಿಗೆ ಅದೇ ಅಂಗಿ ತೊಟ್ಟು ಬಾ, ಹತ್ತೂವರೆಯಾದ ಮೇಲೆ ನೀನು ಬರುವತನಕ ನಾನು ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಹೇಳಿ ಮಾತು ತೆಗೆದುಕೊಂಡಿದ್ದಳು. ಅವನು ನಿಜವಾಗಿ ಬರುತ್ತಾನೆಯೇ ಎಂದು ನಾನು ಕೇಳಿದ್ದಕ್ಕೆ, ಅವಳು ಗೋಡೆಯ ಗಡಿಯಾರ ತೋರಿಸಿದಳು. ಹತ್ತೂ ಇಪ್ಪತ್ತು. ಅವನ ನಂಬರಿಗೆ ಮೂರು ಸಲ ಮಾಡಿದೆವು, ಎತ್ತಲಿಲ್ಲ. ಹನ್ನೊಂದಾಯಿತು. ಆ ನಲವತ್ತು ನಿಮಿಷದಲ್ಲಿ ನಾನು ಅಣ್ಣನ ಆ ಮೂರು ತಿಂಗಳನ್ನು ಮತ್ತೊಮ್ಮೆ ಕಳೆದೆ.

ಹನ್ನೊಂದು ದಾಟಿದ ಮೇಲೆ ಇಪ್ಪತ್ತಾರು, ಇಪ್ಪತ್ತೇಳರ ಒಬ್ಬ ತೆಳ್ಳನೆಯ ಹುಡುಗ ಬಾಗಿಲಲ್ಲಿ ನಿಂತ. ಬಸ್ಸು ಯರಗಟ್ಟಿಯಲ್ಲಿ ಕೆಟ್ಟಿತ್ತಂತೆ, ಫೋನಿನ ಚಾರ್ಜು ಮುಗಿದಿತ್ತಂತೆ. ಕೆಂಚವ್ವ ಏನೂ ಕೇಳದೆ ಅವನ ಎದೆಯ ಸುತ್ತ ಟೇಪು ಹಾಕಿದಳು. ಒಂದು ಸಲ ನೋಡಿ, ಮತ್ತೊಂದು ಸಲ ಹಾಕಿ ನೋಡಿದಳು.

“ಇದು ಬಿಗಿ ಅಲ್ಲೋ ತಮ್ಮಾ. ನಾಕು ಇಂಚು ಸಡ್ಲ ಐತಿ. ಊಟಾ ಬಿಟ್ಟು ಎಷ್ಟ ದಿನಾ ಆತು?”

ಕೆಂಚವ್ವ ನನ್ನ ಕಡೆ ನೋಡಿದಳು. ತನಗೆ ಬರುವ ಅಳತೆ ಇಲ್ಲಿಗೆ ಮುಗಿಯಿತು, ಮುಂದಿನದು ನಿನ್ನದು ಎನ್ನುವಂತಿತ್ತು ಆ ನೋಟ. ಈ ಸಲ ಬಾಯಿಬಿಟ್ಟು ಕೇಳಿದೆ.

“ಸಾಯಬೇಕು ಅಂತ ಅನಸತೈತೇನ್ರಿ?”

ಅವನಿಗೆ ಆಘಾತವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಹೆಗಲು ಮಾತ್ರ ಸ್ವಲ್ಪ ಇಳಿಯಿತು, ಯಾರೋ ಕೈಯಿಂದ ಚೀಲ ಇಸಿದುಕೊಂಡಂತೆ.

“ಹೌದ್ರಿ. ನಿನ್ನೆ ಮುಂಜಾನೆ ಭಾಳ ಅನಸಿತ್ತು. ಈ ಅಕ್ಕಾರು, ನೀ ಬರೂಮಟಾ ಬ್ಯಾರೆ ಕೆಲಸ ಹಿಡ್ಯಾಂಗಿಲ್ಲ ಅಂದ್ರು. ಇವರ ಕೆಲಸ ನಿಂತಿರತೈತಲ್ಲಾ ಅಂತ ಬಂದೆ.”

ಹೇಳಿದ್ದಕ್ಕೆ ಅವನಿಗೆ ಉಪಕಾರ ಹೇಳಿದೆ. ಇದನ್ನು ಬಲ್ಲವರು ಇದ್ದಾರೆ, ಈಗಲೇ ಮಾತಾಡೋಣವೇ ಎಂದು ಕೇಳಿ, ಅವನು ತಲೆಯಾಡಿಸಿದ ಮೇಲೆ ನನ್ನ ಫೋನಿನಲ್ಲಿ ಆ ಐದು ಅಂಕಿ ಒತ್ತಿ ಅವನ ಕೈಗೆ ಕೊಟ್ಟೆ. ಪಕ್ಕದ ಮಷಿನ್ ತುಳಿಯುತ್ತಿದ್ದ ಕೆಲಸದ ಹುಡುಗಿಗೆ ನಿಲ್ಲಿಸಲು ಕೆಂಚವ್ವ ಸನ್ನೆ ಮಾಡಿದಳು. ಅವನು ಬಟ್ಟೆಯ ಗಂಟಿನ ಮೇಲೆ ಕುಳಿತು ಮೆಲ್ಲಗೆ ಮಾತಾಡಿದ. ನಾವು ಕೇಳಿಸಿಕೊಳ್ಳದಂತೆ ಹೊಸ್ತಿಲ ಬಳಿ ಕುಳಿತೆವು. ತುಸು ಹೊತ್ತಿನ ಮೇಲೆ ಅವನು ಫೋನನ್ನು ಕಿವಿಯಿಂದ ದೂರ ಹಿಡಿದು ನಮ್ಮ ಕಡೆ ತಿರುಗಿದ.

“ನಿಮ್ಮವರು ಯಾರರ ಜೋಡಿ ಅದಾರೇನು ಅಂತ ಕೇಳಾಕತ್ತಾರ್ರಿ.”

ನಾನು ಏಳುವುದರೊಳಗೆ ಕೆಂಚವ್ವ ಎದ್ದು ಹೋಗಿ ಫೋನ್ ಇಸಿದುಕೊಂಡಿದ್ದಳು.

“ನಾ ಅದೀನ್ರಿ, ಹೇಳ್ರಿ,” ಎಂದಳು.

ಅತ್ತ ಕಡೆಯವರು ಹೇಳಿದ್ದನ್ನೆಲ್ಲ ಹೂಂಗುಟ್ಟುತ್ತ ಕೇಳಿಸಿಕೊಂಡಳು. ಅವನನ್ನು ಒಬ್ಬನೇ ಬಿಡಬಾರದೆಂದರಂತೆ. ಆ ದಿನ ಅವನ ಅಕ್ಕ ಬರುವತನಕ ಕೆಂಚವ್ವ ಅವನ ಪಕ್ಕ ಬಿಟ್ಟು ಏಳಲಿಲ್ಲ. ಮರುವಾರ ಅವನನ್ನು ಡಾಕ್ಟರಲ್ಲಿಗೆ ಕರೆದೊಯ್ದವಳೂ ಅವಳೇ. ನಾನು ಬಸ್ಸು ಹತ್ತಿ ಊರೂರು ತಿರುಗಿ ಪಟ್ಟಿ ಬದಲಿಸುತ್ತಿದ್ದೇನೆ; ಇನ್ನು ಏಳು ಅಂಗಿ ಸಿಗಬೇಕು. ಅವು ಸಿಗುವವರೆಗೆ ಕೆಂಚವ್ವ ತನ್ನ ಫೋನನ್ನು ಕೊರಳಿಗೆ ಕಟ್ಟಿಕೊಂಡು ಓಡಾಡುತ್ತಿದ್ದಾಳೆ. ಅವಳ ಆ ತಪ್ಪಿಗೆ ನಾನು ಎಂದಿಗೂ ಋಣಿ.