ಕ್ಯಾನು ತೊಳೆದ ನೀರು

‘ನನ್ನಿಂದ ಒಂದು ತಪ್ಪಾಗಿದೆ, ಯಾರಿಗೂ ಹೇಳಿಲ್ಲ.’ ಡೈರಿಯಲ್ಲಿ ಇಷ್ಟು ಬರೆದು ಪೆನ್ನು ಮುಚ್ಚಿಟ್ಟಿದ್ದೆ. ಮುಂದಿನ ಸಾಲು ಬರೆಯಲೂ ಅಂಜಿಕೆ.

ಮಸರಕಲ್ಲಿನ ಮಹಾಂತಯ್ಯನವರ ತೋಟದಲ್ಲಿ ನಾಲ್ಕು ಸಾಲು ಎಳೆಯ ನಿಂಬೆ. ಎರಡು ಸಾಲಿಗೆ ಮಣ್ಣಿನ ಬ್ಯಾಕ್ಟೀರಿಯಾ ಕಲಸಿದ ನೀರು, ಎರಡಕ್ಕೆ ಬರೀ ನೀರು. ಬೇರಿನಲ್ಲಿ ನೆಲೆಸುವ ಆ ಜೀವಿಗಳಿಂದ ಎಲೆಗೆ ಹುಳು ತಡೆಯುವ ಶಕ್ತಿ ಬರುತ್ತದೆಯೇ ಎಂದು ನೋಡುವುದು ಕೃಷಿ ವಿಜ್ಞಾನಿ ಅನಿಲಕುಮಾರ ಸರ್ ಅವರ ಪ್ರಯೋಗ. ನೀರು ಹಾಕುವುದು, ಹುಳು ಬಿದ್ದ ಎಲೆ ಎಣಿಸುವುದು ನನ್ನ ಕೆಲಸ.

ಮಾನವಿಯ ನಮ್ಮ ಮನೆಯಲ್ಲಿ ಅವ್ವ ಅಕ್ಕಿ ತೊಳೆದ ನೀರನ್ನೂ ಹಾದಿಗೆ ಚೆಲ್ಲಿದವಳಲ್ಲ. ಯಾವುದಾದರೊಂದು ಗಿಡದ ಬುಡ ಹುಡುಕುತ್ತಾಳೆ. ಬ್ಯಾಕ್ಟೀರಿಯಾದ ಕ್ಯಾನು ತೊಳೆದಾಗಲೆಲ್ಲ ನನ್ನ ಕೈಯೂ ತಾನಾಗಿಯೇ ನಳದ ಪಕ್ಕದ ಗಿಡದ ಕಡೆ ಹೋಗಿತ್ತು. ಅದು ಬ್ಯಾಕ್ಟೀರಿಯಾ ಸೋಕಲೇಬಾರದ ಬರೀ ನೀರಿನ ಸಾಲಿನ ಕೊನೆಯ ಗಿಡ.

ಡೈರಿ ಬರೆದ ಮರುದಿನ ರಾಯಚೂರಿನಿಂದ ಸರ್ ಬಂದರು. ಬರೀ ನೀರಿನ ಸಾಲುಗಳಲ್ಲಿ ಚಿಗುರೆಲ್ಲ ಮುದುಡಿ, ಎಲೆಯ ಮೇಲೆ ರಂಗೋಲಿ ಹುಳು ಎಳೆದ ಬೆಳ್ಳಿ ಗೆರೆಗಳು. ಕೊನೆಯ ಗಿಡ ಮಾತ್ರ ಬ್ಯಾಕ್ಟೀರಿಯಾ ಸಾಲಿನ ಗಿಡಗಳ ಹಾಗೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು.

“ಏನೂ ಹಾಕದs ಹಿಂಗ ನಿಂತದ ಅಂದ್ರ ಇದು ಹುಟ್ಟಾ ಗಟ್ಟಿ ಗಿಡ!” ಸರ್ ಕಣ್ಣರಳಿಸಿದರು. “ಇದರ ಟೊಂಗಿ ಕಣ್ಣು ತಗೊಂಡು ಬ್ಯಾರೆ ಗಿಡಕ್ಕ ಕಸಿ ಕಟ್ಟೋಣು. ಹೊಸ ತಳಿನೇ ಸಿಕ್ಕಂಗಾತು.”

“ಮಹಾಂತ ನಿಂಬಿ ಅಂತ ಹೆಸರಿಡ್ರಿ ಸರ. ನಮ್ಮ ಮನ್ಯಾಕಿ ಹೆಂಗೂ ನನಗ ಹುಳಿ ಮನಷ್ಯಾ ಅಂತಾಳ,” ಎಂದು ಮಹಾಂತಯ್ಯ ನಕ್ಕರು.

ಸರ್ ಚೀಲದಿಂದ ಕಸಿ ಚಾಕು ತೆಗೆದರು.

ನಾನು ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣನ್ನು ಬೆರಳಿಂದ ಸರಿಸಿದೆ. ಕೂದಲೆಳೆಯಂಥ ಬಿಳಿ ಬೇರು, ಅದಕ್ಕೆ ಅಂಟಿದ ಮಣ್ಣು. ಅಷ್ಟೇ ಕಂಡಿತು. ತೊಳೆದ ನೀರಿನಲ್ಲಿ ಹೋದ ಅಷ್ಟಿಷ್ಟು ಜೀವಗಳು ಈ ಕತ್ತಲಲ್ಲಿ ಮನೆ ಮಾಡಿಕೊಂಡು, ನನ್ನೆದೆಯೆತ್ತರದ ಚಿಗುರಿಗೆ ‘ಹುಳು ಬರುತ್ತದೆ, ಎಚ್ಚರ’ ಎಂದು ಸುದ್ದಿ ಮುಟ್ಟಿಸಿದ್ದವು. ಮೈ ಜುಮ್ಮೆಂದಿತು. ನಾನು ಸುಮ್ಮನಿದ್ದರೆ ಸರ್ ಇಲ್ಲದ ತಳಿಯ ಬೆನ್ನು ಹತ್ತಿ ವರ್ಷಗಳನ್ನೇ ಕಳೆಯುತ್ತಾರೆ. ಹೇಳಿದರೆ, ಪ್ರಯೋಗ ಕೆಡಿಸಿದವಳೆಂದು ನನ್ನ ಕೆಲಸ ಹೋದರೂ ಹೋಯಿತು.

ಚಾಕು ಟೊಂಗೆಗೆ ತಾಗಿತು.

“ಸರ್, ತಡೀರಿ.”

ಇಬ್ಬರೂ ತಿರುಗಿದರು. ಕೆಲಸಕ್ಕೆ ಸೇರಿದ ಮೂರು ತಿಂಗಳಲ್ಲಿ ಅವರು ನನ್ನ ದನಿ ಕೇಳಿದ್ದೇ ಕಡಿಮೆ.

“ಏನವಾ ವಿಶಾಖಾ?”

“ಅದು ಹುಟ್ಟಾ ಗಟ್ಟಿ ಅಲ್ರೀ. ಕ್ಯಾನು ತೊಳದ ನೀರು ವಾರಾ ವಾರಾ ಅದರ ಬುಡಕ್ಕ ನಾನs ಹಾಕೀನ್ರೀ.”