ಒಂದೂ ಮೀನು ಹಿಡಿಯದ ಬಲೆ

ನಾನು ಒಂದು ಬಲೆ. ಹುಟ್ಟಿದ್ದು ಮಲ್ಪೆಯಲ್ಲಿ, ಜಲಜಕ್ಕನ ಮನೆಯ ಜಗಲಿಯ ಮೇಲೆ. ಆದರೂ ಈ ತನಕ ಒಂದು ಮೀನನ್ನೂ ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಬೇಕಾದದ್ದು ಇದಕ್ಕಿಂತ ಕಷ್ಟದ ಮಾತು.

ಜಲಜಕ್ಕ ನನ್ನನ್ನು ಹಸಿರು ನೈಲಾನ್ ನೂಲಿನಿಂದ ಹೆಣೆದಳು. ಪ್ರತಿ ಗಂಟನ್ನೂ ಹಲ್ಲಿನಿಂದ ಕಚ್ಚಿ ಎಳೆದು ನೋಡಿದಳು. ನೂಲಿನ ನಡುವಿನ ಕಣ್ಣುಗಳನ್ನು ಒಂದು ಬೆರಳು ತೂರುವಷ್ಟೇ ಬಿಟ್ಟಳು. ನಾಯಿಯ ಕಾಲು ಸಿಕ್ಕಿಹಾಕಿಕೊಳ್ಳಬಾರದು ಎಂದು ವನಿತಾ ಮೂರು ಸಲ ಹೇಳಿದ್ದಳು. ವನಿತಾ ಜಲಜಕ್ಕನ ಅಕ್ಕನ ಮಗಳು.

"ನಾಯಿ ಹಿಡಿಲಿಕ್ಕೆ ಬಲೆಯಾ ಮಾರಾಯ್ತಿ! ನಿನ್ನ ಚಿಕ್ಕಪ್ಪ ಇದ್ದಿದ್ರೆ ನನ್ನನ್ನೂ ಬಲೆಯನ್ನೂ ಒಟ್ಟಿಗೆ ಸಮುದ್ರಕ್ಕೆ ಬಿಸಾಡ್ತಿದ್ರು."

"ಕೊಲ್ಲಲಿಕ್ಕಲ್ಲ ಚಿಕ್ಕಮ್ಮ. ಹಿಡಿದು, ಮರಿಯಾಗದ ಹಾಗೆ ಆಪರೇಶನ್ ಮಾಡಿ, ಹುಚ್ಚಿನ ಇಂಜೆಕ್ಷನ್ ಕೊಟ್ಟು, ಹಿಡಿದ ಜಾಗದಲ್ಲೇ ವಾಪಸ್ ಬಿಡುದು."

"ಹಾಗಾದ್ರೆ ಗಂಟು ಇನ್ನೂ ಗಟ್ಟಿ ಬೇಕು. ಮೀನು ಸಾಯುವ ತನಕ ಒದ್ದಾಡ್ತದೆ. ಇದು ಬದುಕುವ ತನಕ ಒದ್ದಾಡ್ತದೆ."

ವೆಲ್ಡಿಂಗ್ ಅಂಗಡಿಯವನು ನನ್ನ ಬಾಯಿಗೆ ಕಬ್ಬಿಣದ ಬಳೆ ಹಾಕಿ, ಬಿಚ್ಚಿ ಜೋಡಿಸಬಹುದಾದ ಉದ್ದನೆಯ ಹಿಡಿ ಮಾಡಿಕೊಟ್ಟ. ಹಾಗೆ ನಾನು ವನಿತಾಳ ಕೈಗೆ ಬಂದೆ.

ಅವಳು ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಸಂಜೆ ತರಗತಿಗೆ ಹೋಗಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಹಿಂದೆ ಬಂದು ನೋಡುವ ಸ್ವಭಾವ. ಭಾನುವಾರಗಳಲ್ಲಿ ಡಾಕ್ಟರ್ ಪೂರ್ಣಿಮಾ ನಡೆಸುವ ಬೀದಿನಾಯಿಗಳ ಶಿಬಿರಕ್ಕೆ ಹೋಗುತ್ತಿದ್ದಳು. ನಾಯಿಯ ಎದುರಿಗೆ ಹೋಗದೆ ಪಕ್ಕದಿಂದ ಬಂದು, "ಏನಿಲ್ಲ ಮಗಾ, ಏನಿಲ್ಲ" ಎನ್ನುತ್ತಾ ನನ್ನನ್ನು ಇಳಿಸುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಒಂದು ನಾಯಿಯ ಉಗುರೂ ಮುರಿಯಲಿಲ್ಲ. ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಆಮೇಲೆ ಶ್ರೀಲಂಕಾದಿಂದ ಕರೆ ಬಂತು. ಅಲ್ಲಿಯ ಪೂರ್ವ ಕರಾವಳಿಯ ಒಂದು ಮೀನುಗಾರರ ಊರಿನಲ್ಲಿ ಹನ್ನೆರಡು ದಿನದ ಶಿಬಿರ. ಡಾಕ್ಟರ್ ಐದು ಜನ ಸ್ವಯಂಸೇವಕರನ್ನು ಆರಿಸಿದರು, ವನಿತಾ ಅವರಲ್ಲಿ ಒಬ್ಬಳು. ಅವಳ ಗಂಡ ಹಿಂದೆ ತೂತ್ತುಕುಡಿಯ ಬಂದರಿನಲ್ಲಿ ದುಡಿಯುತ್ತಿದ್ದ. ಅವನೊಂದಿಗೆ ಅಲ್ಲಿ ಎಂಟು ವರ್ಷ ಇದ್ದುದರಿಂದ ಅವಳಿಗೆ ತಮಿಳು ಬರುತ್ತಿತ್ತು. ತಂಡದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ವನಿತಕ್ಕ, ಅಲ್ಲಿ ನಮ್ಮ ಬಾಯಿ ನೀವೇ," ಎಂದರು ಡಾಕ್ಟರ್. ಅವಳು ನಾಚಿ ಸೆರಗಿನ ತುದಿ ಸುತ್ತಿದಳು.

ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದವನು ನನ್ನನ್ನು ಎತ್ತಿ ನೋಡಿ, "ಅಲ್ಲಿ ಬಲೆ ಸಿಗುದಿಲ್ವಾ ಅಮ್ಮ?" ಎಂದು ನಕ್ಕ. ಅವಳು ನಗಲಿಲ್ಲ. ಏನೋ ತಪ್ಪಾಗಿದೆ ಎಂದುಕೊಂಡು ಪಾಸ್‌ಪೋರ್ಟನ್ನೇ ಮತ್ತೆ ಚಾಚಿದಳು.

ಆ ಊರಿನ ಶಾಲೆಯಲ್ಲಿ ಬೆಂಚುಗಳನ್ನು ಜೋಡಿಸಿ ಆಪರೇಶನ್ ಕೋಣೆ ಮಾಡಿದ್ದರು. ನಾವು ನಾಯಿ ಹಿಡಿದು ತರುವುದು; ಗುಣವಾದದ್ದನ್ನು ತವರಾಜ ಎಂಬವನು ತನ್ನ ಆಟೋದಲ್ಲಿ ಹಿಡಿದ ಜಾಗಕ್ಕೇ ಮುಟ್ಟಿಸುವುದು. ತವರಾಜ ಅದೇ ಊರಿನವನು, ಮಾತು ಕಡಿಮೆ. ಪ್ರತಿ ನಾಯಿಯ ಕೊರಳಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಬೇಕು. ಅದರ ಮೇಲೆ ಜಾಗ, ಬಿಡಬೇಕಾದ ದಿನ, ಏನಾದರೂ ವಿಶೇಷವಿದ್ದರೆ ಅದು. ಎಲ್ಲವೂ ಇಂಗ್ಲಿಷಿನಲ್ಲೇ ಇರಬೇಕು; ತವರಾಜನಿಗೆ ಅದನ್ನು ಮಾತಾಡಲು ಬಾರದಿದ್ದರೂ ಓದಲು ಬರುತ್ತಿತ್ತು.

ಇಲ್ಲೇ ವನಿತಾಳ ಗುಟ್ಟು ಇತ್ತು. ತಮಿಳು ಅವಳಿಗೆ ಮಾತಿಗಷ್ಟೇ ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ; ಇಂಗ್ಲಿಷ್ ಬರೆಯಲು ಧೈರ್ಯವಿರಲಿಲ್ಲ. ಬೇಕಾಗುವ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಇಳಿಸಿಕೊಂಡು, ಯಾರಿಗೂ ಕಾಣದ ಹಾಗೆ ನೋಡಿ ನಕಲು ಮಾಡುತ್ತಿದ್ದಳು. ಆ ಚೀಟಿಯನ್ನು ನನ್ನ ಬಳೆಗೆ ಸುತ್ತಿದ್ದ ಬಟ್ಟೆಯ ಒಳಗೇ ಇಡುತ್ತಿದ್ದಳು. ಹಾಗಾಗಿ ನನಗೆ ಗೊತ್ತು.

ಎಂಟನೆಯ ದಿನ, ಮೀನು ಒಣಗಿಸುವ ಬಯಲಿನಲ್ಲಿ ಒಂದು ಕಂದು ನಾಯಿಯ ಮೇಲೆ ನಾನು ಬಿದ್ದೆ. ಅದು ಒದ್ದಾಡಿತು. ನನ್ನ ನೂಲಿಗೆ ಏನೋ ಬೆಚ್ಚಗೆ ಒದ್ದೆಯಾಗಿ ತಾಗಿತು. ಹಾಲು.

ಒಣಮೀನಿನ ಚಾಪೆಗಳ ನಡುವಿನಿಂದ ಪಾಕ್ಯಂ ಎಂಬ ಮುದುಕಿ ಓಡಿ ಬಂದಳು. ಅವಳು ಆಡಿದ್ದು ತಮಿಳು. ಆದರೆ ಕಡಲ ದಡದ ಹೆಂಗಸರ ಮಾತು ಬಲೆಗೆ ತಿಳಿಯದೆ ಹೋಗುತ್ತದೆಯೇ?

"ಅಯ್ಯೋ ಮಗಳೇ, ಅದಕ್ಕೆ ನಾಲ್ಕು ಮರಿ ಇವೆ! ಕಣ್ಣು ಬಿಟ್ಟು ಎರಡು ದಿನವೂ ಆಗಿಲ್ಲ."

ಹಾಲೂಡುವ ನಾಯಿಯನ್ನು ಹಿಡಿಯಬಾರದು ಎಂಬುದು ತಂಡದ ನಿಯಮ. ಅಪ್ಪಿತಪ್ಪಿ ಹಿಡಿದುಬಿಟ್ಟರೆ, ಬೇರೆಲ್ಲಕ್ಕಿಂತ ಮೊದಲು ಆಪರೇಶನ್ ಮಾಡಿ ಸಂಜೆಯೊಳಗೆ ಬಿಡಬೇಕು. ಆಗಲೇ ನನ್ನ ಬಾಯಿ ತೆರೆದುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಬಿಟ್ಟರೆ ಅದು ಮತ್ತೆ ಸಿಗಲಾರದು ಎಂದು ವನಿತಾಳಿಗೆ ಅನಿಸಿತು. ಅವಳು ಬಿಡಲಿಲ್ಲ. ನಾನೂ ಹರಿಯಲಿಲ್ಲ.

"ಸಂಜೆಗೆ ಬರ್ತದೆ ಅಮ್ಮ. ನನ್ನ ಮಾತು," ಎಂದಳು ವನಿತಾ.

ಪಾಕ್ಯಂ ಅವಳ ಗಲ್ಲ ಮುಟ್ಟಿ, "ನೀನೂ ಮೀನಿನವರ ಮಗಳೇ ಅಲ್ಲವಾ? ನೀನು ಸುಳ್ಳು ಹೇಳಲಾರೆ," ಎಂದಳು.

ಪಟ್ಟಿ ಬರೆಯುವಾಗ ಚೀಟಿ ತೆಗೆದಳು. 'ಹಾಲೂಡುವ ತಾಯಿ' ಎನ್ನುವುದಕ್ಕೆ ಅದರಲ್ಲಿ ಪದವಿರಲಿಲ್ಲ. ಜೊತೆಯವರನ್ನು ಕೇಳಬಹುದಿತ್ತು. ಕೇಳಿದರೆ ಚೀಟಿಯ ಕಥೆ ಹೊರಬೀಳುತ್ತಿತ್ತು. ಪಂಜರದಲ್ಲಿ ಇನ್ನೊಂದು ನಾಯಿ ಊಳಿಡುತ್ತಿತ್ತು. ಅವಳ ಕೈ ತನಗೆ ಬರುವ ಕನ್ನಡ ಅಕ್ಷರವನ್ನು ತಾನೇ ಬರೆದುಬಿಟ್ಟಿತು: 'ಹಾಲೂಡುವ ತಾಯಿ. ಸಂಜೆಯೊಳಗೆ ಬಿಡಬೇಕು. ಒಣಮೀನಿನ ಬಯಲು.' ತವರಾಜನಿಗೆ ಸಂಜೆ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡಳು.

ಆಪರೇಶನ್ ಮುಗಿಸಿ ಡಾಕ್ಟರ್ ಕೂಗಿ ಕೇಳಿದರು, "ವನಿತಕ್ಕ, ಇದು ಹಾಲಿರುವ ನಾಯಿ. ಇವತ್ತೇ ಬಿಡಬೇಕು ಅಂತ ಪಟ್ಟಿಯಲ್ಲಿ ಬರೆದಿದ್ದೀರಲ್ಲ?"

"ಬರೆದಿದ್ದೇನೆ ಡಾಕ್ಟ್ರೇ." ಅದು ಸುಳ್ಳಲ್ಲ.

ಆ ಸಂಜೆ ಊರಿನವರು ನಮ್ಮ ತಂಡಕ್ಕೆ ಊಟಕ್ಕೆ ಹೇಳಿದ್ದರು. ಹಾರ ಹಾಕಿದರು. ತಮಿಳಿನಲ್ಲಿ ನಾಲ್ಕು ಮಾತಾಡಬೇಕೆಂದು ವನಿತಾಳನ್ನೇ ಎಬ್ಬಿಸಿದರು. ಹುಟ್ಟಿದಂದಿನಿಂದ ಅವಳಿಗೆ ಯಾರೂ ಹಾರ ಹಾಕಿರಲಿಲ್ಲ. ಆ ಸಂತೋಷದಲ್ಲಿ ಅವಳು ಮರೆತಳು. ಮರುದಿನ ಬೆಳಕು ಹರಿಯುವ ಮೊದಲೇ ನಾವು ಹಿನ್ನೀರಿನ ಆಚೆಯ ಊರಿಗೆ ಹೊರಟೆವು. ಅಲ್ಲೇ ಒಂದು ರಾತ್ರಿ ಉಳಿದೆವು.

ತವರಾಜ ಓದಲು ಬಂದ ಪಟ್ಟಿಯ ನಾಯಿಗಳನ್ನೆಲ್ಲ ಮುಟ್ಟಿಸಿದ್ದ. ಇದೊಂದು ಉಳಿಯಿತು. ಗುಂಡಗಿನ ಅಕ್ಷರ ಕಂಡು ಸಿಂಹಳ ಇರಬೇಕೆಂದು ಸಿಂಹಳ ಬಲ್ಲ ಅಂಗಡಿಯವನಿಗೆ ತೋರಿಸಿದನಂತೆ. ಇದು ಸಿಂಹಳವಲ್ಲವೆಂದು ಅವನು ತಲೆಯಾಡಿಸಿದನಂತೆ. ತಪ್ಪಾದ ಕಡೆ ಬಿಟ್ಟರೆ ಬೇರೆ ನಾಯಿಗಳು ಕೊಂದುಹಾಕುತ್ತವೆ ಎಂದು ತವರಾಜ ಅದಕ್ಕೆ ನೀರು, ಅನ್ನ ಇಟ್ಟು ನಮ್ಮ ದಾರಿ ಕಾದ.

ನಾವು ಮರಳಿದಾಗ ಶಾಲೆಯ ಅಂಗಳದಲ್ಲಿ ಪಾಕ್ಯಂ ಕೂತಿದ್ದಳು. ಮಡಿಲಲ್ಲಿ ಒಂದೇ ಮರಿ. ವನಿತಾಳ ಮಾತು ನಂಬಿ ಮರಿಗಳ ಬಳಿಯೇ ಕಾದು, ಹಾಲಿನ ಪುಡಿ ಕಲಸಿ ಬಟ್ಟೆಯಿಂದ ಹಿಂಡಿ ಕುಡಿಸಿದ್ದಳಂತೆ. ಉಳಿದ ಮೂರು ಕುಡಿದಿರಲಿಲ್ಲ. ಅವಳು ವನಿತಾಳನ್ನು ನೋಡಿದಳು.

ಡಾಕ್ಟರ್ ತವರಾಜನ ಮೇಲೆ ಸಿಡಿದರು. "ಕೇಳಿ ವನಿತಕ್ಕ ಅವನನ್ನು! ಪಟ್ಟಿ ಕಟ್ಟಿದ್ದು ಯಾಕೆ? ಚಂದಕ್ಕಾ? ಓದಲಿಕ್ಕೆ ಏನು ಕಷ್ಟ ಇವನಿಗೆ?"

ವನಿತಾ ಅದನ್ನು ತಮಿಳಿನಲ್ಲಿ ಹೇಳಿದಳು. ದನಿ ಮಾತ್ರ ತಗ್ಗಿತ್ತು. ತವರಾಜ ನಾಯಿಯ ಕೊರಳಿನಿಂದ ಬಿಚ್ಚಿದ್ದ ಪಟ್ಟಿಯನ್ನು ಜೇಬಿನಿಂದ ತೆಗೆದು ಅವಳಿಗೆ ಚಾಚಿದ. "ಇದು ಯಾವ ಭಾಷೆ, ಅಕ್ಕಾ? ಇದನ್ನು ಬರೆದವರು ಯಾರು?"

"ಏನಂತೆ?" ಎಂದರು ಡಾಕ್ಟರ್.

ಅವಳು ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಆ ಮುಷ್ಟಿಯಲ್ಲೇ ನನ್ನ ಹಿಡಿಯೂ ಇತ್ತು. ಅವಳ ಬೆವರು ನನಗೆ ತಾಗಿತು.

"ತಪ್ಪಾಯ್ತು ಅಂತಿದ್ದಾರೆ ಡಾಕ್ಟ್ರೇ," ಎಂದಳು ವನಿತಾ.

ಮರುದಿನ ಬೇರೆ ಆಟೋ ಬಂತು. ಪಟ್ಟಿ ನನ್ನ ಬಳೆಯ ಬಟ್ಟೆಯೊಳಗೆ, ಆ ಚೀಟಿಯ ಪಕ್ಕಕ್ಕೆ ಸೇರಿತು.

ಊರಿಗೆ ಬಂದ ಮೇಲೆ ಐಸ್ ಫ್ಯಾಕ್ಟರಿಯವರು ವನಿತಾಳಿಗೆ ಶಾಲು ಹೊದೆಸಿದರು. ಅವಳು ಅದನ್ನು ಮಡಿಚಿ ಪೆಟ್ಟಿಗೆಯ ತಳದಲ್ಲಿಟ್ಟಳು. ನನ್ನನ್ನು ಹಿತ್ತಿಲ ಕೋಣೆಯ ಮೊಳೆಗೆ ನೇತುಹಾಕಿದಳು. ಭಾನುವಾರ ಡಾಕ್ಟರ ಫೋನ್ ಬಂದರೆ ಮಂಡಿನೋವು ಎನ್ನುತ್ತಿದ್ದಳು. ನಾನು ನೇತಾಡುತ್ತಾ ಯೋಚಿಸುತ್ತಿದ್ದೆ: ಹಿಡಿದದ್ದು ನಾನಲ್ಲವೇ? ಹಾಲು ಮೊದಲು ತಾಗಿದ್ದು ನನಗಲ್ಲವೇ? ಒಂದು ಗಂಟಾದರೂ ಬಿಚ್ಚಿಕೊಂಡಿದ್ದರೆ? ಬಲೆ ಹೀಗೆ ಯೋಚಿಸುವುದು ಸರಿಯೋ ತಪ್ಪೋ ತಿಳಿಯದು. ಆದರೂ ಯೋಚಿಸುತ್ತಿದ್ದೆ.

ಒಂದು ವರ್ಷ ಕಳೆಯಿತು. ಇಲಿ ಕಚ್ಚಿ ನನ್ನಲ್ಲಿ ತೂತಾಯಿತು. ಕೋಳಿಗೂಡಿಗೆ ಹೊದೆಸಲು ಆದೀತೆಂದು ಜಲಜಕ್ಕ ನನ್ನನ್ನು ಜಗಲಿಗೆ ತಂದು ಬಳೆ ಬಿಚ್ಚಿದಳು. ಪಟ್ಟಿ ಕೆಳಗೆ ಬಿತ್ತು. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಕೂಡಿಸಿ ಓದಿದಳು.

"ಹಾ...ಲೂಡುವ ತಾಯಿ. ಸಂಜೆಯೊಳಗೆ ಬಿಡಬೇಕು... ಇದೆಂತ ವನಿತಾ? ಅಲ್ಲಿಯವರಿಗೆ ಕನ್ನಡ ಬರ್ತದಾ?"

ವನಿತಾ ಕೂತುಬಿಟ್ಟಳು. ಎಲ್ಲವನ್ನೂ ಹೇಳಿದಳು. ಹಾರದ ವಿಷಯವನ್ನೂ ಬಿಡಲಿಲ್ಲ. ನನ್ನ ತೂತು ಹೊಲಿಯುತ್ತಿದ್ದ ಜಲಜಕ್ಕನ ಸೂಜಿ ನಿಂತಿತು.

"ಮರೆತದ್ದು ಬಿಡು, ಯಾರಾದ್ರೂ ಮರೀತಾರೆ. ಆದ್ರೆ ಆ ಗಂಡಸಿನ ಬಾಯಿಗೆ ನಿನ್ನ ಮಾತು ತುರುಕಿದ್ಯಲ್ಲ ಮಗಾ." ಸೂಜಿ ಕೆಳಗಿಟ್ಟು, "ಫೋನು ಎಲ್ಲುಂಟು?" ಎಂದಳು.

ವನಿತಾ ಮೊದಲು ಡಾಕ್ಟರಿಗೆ ಮಾಡಿದಳು. "ಇಂಗ್ಲಿಷ್ ಕಷ್ಟ ಅಂತ ಒಂದು ಮಾತು ಹೇಳಿದ್ರೆ ನಾನೇ ಬರೆದು ಕೊಡ್ತಿದ್ದೆನಲ್ಲ ವನಿತಕ್ಕ," ಎಂದರು ಅವರು. ಆ ಊರಿನ ಶಿಬಿರದವರಿಗೆ ಅವತ್ತೇ ಪತ್ರ ಬರೆಯುತ್ತೇನೆ ಎಂದರು. ತವರಾಜನ ನಂಬರು ಕೊಟ್ಟರು. ಮುಂದಿನ ಭಾನುವಾರ ಬನ್ನಿ ಎನ್ನಲಿಲ್ಲ.

ತವರಾಜನೊಂದಿಗೆ ಮಾತಾಡುವಾಗ ಅವಳು ಫೋನನ್ನು ನನ್ನ ಮೇಲೆಯೇ ಇಟ್ಟು ಸ್ಪೀಕರ್ ಹಾಕಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ನನಗೆ ಅವತ್ತೇ ಗೊತ್ತಾಗಿತ್ತು, ಅಕ್ಕಾ," ಎಂದ. "ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ನಾನು ಕೇಳಿದ್ದು ಪ್ರಶ್ನೆ. ನೀವು ಡಾಕ್ಟರಿಗೆ ಹೇಳಿದ್ದು ಪ್ರಶ್ನೆಯ ಹಾಗೆ ಕೇಳಿಸಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಹೇಳಬೇಕಾದರೂ ನಿಮ್ಮ ಬಾಯಿಯೇ ಬೇಕಿತ್ತಲ್ಲ."

ಆಚೆ ಆಟೋಗಳ ಸದ್ದು ಕೇಳುತ್ತಿತ್ತು. ಅವನೇ ಹೇಳಿದ: ಆ ಮರಿ ಬದುಕಿದೆ, ಪಾಕ್ಯಂ ಅಮ್ಮನ ಚಾಪೆಗಳಿಗೆ ಕಾಗೆ ಬರಲು ಬಿಡುವುದಿಲ್ಲ. ಊರಿನಲ್ಲಿ ಕೆಲವರು ಈಗಲೂ ತನ್ನನ್ನು ಮರಿ ಕೊಂದವನು ಎನ್ನುತ್ತಾರೆ. ಇಷ್ಟು ಹೇಳಿ ಫೋನ್ ಇಟ್ಟ.

ಈಗ ನಾನು ಮುದಿಯಾಗಿದ್ದೇನೆ. ಜಲಜಕ್ಕನ ಕೋಳಿಗೂಡಿನ ಮೇಲೆ ಮಲಗಿದ್ದೇನೆ. ಬಿಸಿಲಿಗೆ ನನ್ನ ಹಸಿರು ಬಿಳಚಿದೆ. ಆ ಪಟ್ಟಿಯನ್ನು ವನಿತಾ ಬಿಸಾಡಲಿಲ್ಲ. ಬಂದವರಿಗೆಲ್ಲ ಕಾಣುವ ಹಾಗೆ ನನ್ನ ಅಂಚಿಗೇ ಕಟ್ಟಿದ್ದಾಳೆ. ಕೋಳಿಮೊಟ್ಟೆಗೆ ಬಂದವರು ಓದಿ, ಇದೇನೆಂದು ಕೇಳುತ್ತಾರೆ. ಅವಳ ಮುಖ ಪ್ರತಿ ಸಲವೂ ಕೆಂಪಾಗುತ್ತದೆ. ಆದರೂ ಮೊದಲಿನಿಂದ ಕೊನೆಯ ತನಕ ಹೇಳುತ್ತಾಳೆ. ತವರಾಜ ಕೇಳಿದ ಎರಡು ಪ್ರಶ್ನೆಗಳನ್ನು, ಅವನು ಕೇಳಿದ ಹಾಗೆಯೇ, ಪ್ರಶ್ನೆಯಾಗಿಯೇ ಹೇಳುತ್ತಾಳೆ.