ನೀರು ಕಮ್ಮಿ ಆಗಬೇಕು

"ಬಿಡಕ್ಕ, ಬಾಯಿಗೆ ನೀರು ಬಿಡು," ಎಂದು ಮಂಜುಳಮ್ಮ ತುಳಸಿ ಹಾಕಿದ ಚೊಂಬನ್ನು ಇನ್ನೊಂದು ಸಲ ಮುಂದೆ ಹಿಡಿದಳು. ಮುನಿಲಕ್ಷ್ಮಮ್ಮ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಮುದುರಿಕೊಂಡು ಗಂಡನ ತಲೆಯ ಹತ್ತಿರ ಕೂತಿದ್ದಳು.

ಹಲಸೂರಿನ ಆ ಓಣಿಯಲ್ಲಿ ಚಟ್ಟ ಕಟ್ಟಿ ಮುಗಿಸಿ ಆಗಲೇ ಹೊತ್ತಾಗಿತ್ತು. ಹೊರಗೆ ತಮಟೆಯವರು ಎರಡು ಸಲ ಬೀಡಿ ಹಚ್ಚಿ ಆರಿಸಿದ್ದರು. ಒಳಗೆ ನಡುಮನೆಯ ಚಾಪೆಯ ಮೇಲೆ, ರಸೆಲ್ ಮಾರುಕಟ್ಟೆಯ ಸೊಪ್ಪಿನ ಚಿನ್ನಪ್ಪ ಹೊಸ ಪಂಚೆ ಹೊದ್ದು ಮಲಗಿದ್ದ. ಕೋಳಿಗಿಂತ ಮುಂಚೆ ಎದ್ದು ಸೊಪ್ಪಿನ ಗಾಡಿಗೆ ಎದುರು ಹೋಗುತ್ತಿದ್ದ ಮನುಷ್ಯ ಇಷ್ಟು ಬಿಸಿಲೇರುವವರೆಗೆ ಮಲಗಿದ್ದು ಇದೇ ಮೊದಲು. ಬಂದವರೆಲ್ಲ ಒಬ್ಬೊಬ್ಬರಾಗಿ ಅವನ ತುಟಿಗೆ ನೀರು ಬಿಟ್ಟಾಗಿತ್ತು. ಹೆಂಡತಿಯೊಬ್ಬಳು ಉಳಿದಿದ್ದಳು, ಅವಳು ಬಿಡದೆ ಹೆಣ ಎತ್ತುವ ಹಾಗಿರಲಿಲ್ಲ.

ಚಿನ್ನಪ್ಪನ ತಮ್ಮ ಶ್ರೀರಾಮಪ್ಪ ಒದ್ದೆ ಪಂಚೆಯಲ್ಲೇ ಬಾಗಿಲಿಗೆ ಬಂದ. ಮಕ್ಕಳಿಲ್ಲದ ಅಣ್ಣ. ಸ್ಮಶಾನದಲ್ಲಿ ಮಡಕೆ ಹೊರುವುದು ಇವನ ಪಾಲಿಗೇ ಬಂದಿತ್ತು.

"ಏನಂತೆ ಅತ್ತಿಗೇದು?" ಎಂದು ಹೆಂಡತಿಯನ್ನು ಕೇಳಿದ.

"ಬಿಡಲ್ಲ ಅಂತಾರೆ," ಎಂದಳು ಮಂಜುಳಮ್ಮ.

"ಅತ್ತಿಗೆ, ಹೊತ್ತಾಯ್ತು. ಇದು ಹಟ ಮಾಡೋ ಜಾಗ ಅಲ್ಲ."

ಆಗ ಮುನಿಲಕ್ಷ್ಮಮ್ಮ ಬಾಯಿ ಬಿಟ್ಟಳು. ಗಂಟಲು ಒಣಗಿ ಮಾತು ತೊದಲುತ್ತಿತ್ತು. "ಬದುಕಿದ್ದಾಗ ನೀರು ಕೊಡ್ಲಿಲ್ಲ ಶ್ರೀರಾಮ, ಅಳತೆ ಮಾಡಿ ಮಾಡಿ ಕೊಂದೆ. ಈಗ ಯಾವ ಮೋರೆ ಇಟ್ಕೊಂಡು ಬಿಡ್ಲಿ?"

ಶ್ರೀರಾಮಪ್ಪನಿಗೂ ವಿಷಯ ಗೊತ್ತಿತ್ತು. ಓಣಿಗೆಲ್ಲ ಗೊತ್ತಾಗಿತ್ತು.

*

ಶುರುವಾಗಿದ್ದು ಇರುವೆಯಿಂದ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ಹಿತ್ತಿಲ ಬಚ್ಚಲಿನ ಮೂಲೆಗೆ ಇರುವೆ ಸಾಲುಗಟ್ಟಿ ಬರತೊಡಗಿದವು. ಮುನಿಲಕ್ಷ್ಮಮ್ಮ ಬೂದಿ ಹಾಕಿದಳು, ಅರಿಸಿನ ಹಾಕಿದಳು. ಇರುವೆ ಜಗ್ಗಲಿಲ್ಲ. ಚಿನ್ನಪ್ಪನೋ ರಾತ್ರಿಯೆಲ್ಲ ಏಳುವುದು, ನೀರು ಕುಡಿಯುವುದು, ಮತ್ತೆ ಏಳುವುದು. ಮಾರುಕಟ್ಟೆಯಲ್ಲೂ ಇದೇ ಪಾಡು. ಗಿರಾಕಿ ಬಂದು ಕೇಳಿದರೆ, ಪಕ್ಕದಲ್ಲಿ ನಿಂಬೆಹಣ್ಣು ಮಾರುತ್ತಿದ್ದ ಅಹ್ಮದ್ ಪಾಷಾ, "ಚಿನ್ನಪ್ಪಣ್ಣ ಕೆರೆ ತುಂಬಿಸೋಕೆ ಹೋಗವ್ರೆ, ಈಗ ಬರ್ತಾರೆ," ಎನ್ನುತ್ತಿದ್ದ. ಕೊನೆಗೆ ಅವನೇ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು.

ಸೂಜಿಮದ್ದು ಕೊಡಲು ಕಾಂಪೌಂಡರು ಮುನಿಶಾಮಿ, ಚಿನ್ನಪ್ಪ ಸೊಪ್ಪು ಇಳಿಸಿ ತಿಂಡಿಗೆ ಬರುವ ಹೊತ್ತಿಗೆ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ. ಮನೆಮಾತು ತಮಿಳು, ಕನ್ನಡವನ್ನೂ ತಮಿಳಿನ ದಾರಿಯಲ್ಲೇ ನಡೆಸುತ್ತಿದ್ದ. ಒಳ್ಳೆಯ ಮನುಷ್ಯ. ಗಾಜಿನ ಪಿಚಕಾರಿ ಕುದಿಸುವುದು, ಮದ್ದಿನ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ತಂಪಾಗಿ ಇಡುವುದು, ಗಂಡನ ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿ ಬಣ್ಣ ನೋಡುವುದು, ಎಲ್ಲವನ್ನೂ ಅವಳಿಗೆ ಅವನೇ ಕಲಿಸಿದ. ನೀಲಿಯೇ ಉಳಿದರೆ ಕ್ಷೇಮ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಜಾಸ್ತಿ. ಊಟಕ್ಕೆ ಮುಂಚೆ ಸೂಜಿ, ಸೂಜಿ ಚುಚ್ಚಿದ ಮೇಲೆ ಊಟ ತಡ ಮಾಡುವ ಹಾಗಿಲ್ಲ. ಓದು ಬರಹ ಇಲ್ಲದ ಮುನಿಲಕ್ಷ್ಮಮ್ಮ ಇದನ್ನೆಲ್ಲ ಮೈಗೂಡಿಸಿಕೊಂಡಳು. ಬೆರಳು ನಡುಗದೆ ಚುಚ್ಚುವುದಕ್ಕೂ ಕಲಿತಳು.

ಒಂದು ದಿನ ಹೊರಡುವಾಗ ಮುನಿಶಾಮಿ ಸೈಕಲ್ಲಿನ ಮೇಲೆ ಕಾಲು ಹಾಕಿ ಹೇಳಿದ: "ಮುಖ್ಯವಾಗಿ ನೀರು ಕಮ್ಮಿ ಆಗ್ಬೇಕು ಅಮ್ಮ. ನೀರು ಎಷ್ಟು ಕಮ್ಮಿ ಆಗ್ತದೋ ಅಷ್ಟು ಒಳ್ಳೇದು. ನೀವು ಗಮನ ಇಟ್ಟು ನೋಡ್ಕೊಳಿ."

ನೋಡಿಕೊಳ್ಳದೆ ಬಿಡುತ್ತಾಳೆಯೇ? ಅವತ್ತೇ ಹಿತ್ತಾಳೆ ಲೋಟಕ್ಕೆ ಮೊಳೆಯಿಂದ ಗೀರು ಎಳೆದಳು. ಬೆಳಗ್ಗೆ ಗೀರಿನವರೆಗೆ ಒಂದು ಲೋಟ, ಸಂಜೆ ಗೀರಿನವರೆಗೆ ಇನ್ನೊಂದು. ನೀರಿನ ಗಡಿಗೆಯನ್ನು ಅಡುಗೆಮನೆಯಲ್ಲಿಟ್ಟು ಅದರ ಬಾಗಿಲ ಬಳಿಯೇ ಚಾಪೆ ಹಾಸಿಕೊಂಡು ಮಲಗತೊಡಗಿದಳು. ಚಿನ್ನಪ್ಪ ಮೊದಮೊದಲು, "ಇನ್ನೊಂದು ಗುಟುಕು ಕೊಡೇ," ಅಂತ ಗೋಗರೆದ. ನೀರು ಕುಡಿದಷ್ಟು ಸಲೀಸು ಅನ್ನುತ್ತಾರಲ್ಲ, ಆ ಮನೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇರಲಿಲ್ಲ. ಇವಳು ಕಣ್ಣು ತುಂಬಿಕೊಂಡು, "ನಿಮ್ಮೊಳ್ಳೇದಕ್ಕೇ," ಎನ್ನುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಅವನು ಕೇಳುವುದನ್ನೇ ಬಿಟ್ಟ. ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು, ತೀರ್ಥದ ಹಾಗೆ ಕುಡಿದು, ಬೋರಲು ಹಾಕಿ, "ಸಾಕು," ಎನ್ನುತ್ತಿದ್ದ.

ಅಷ್ಟರಲ್ಲಿ ಅವನು ರಾತ್ರಿ ಏಳುವುದೂ ಕಡಿಮೆಯಾಯಿತು, ಇರುವೆಗಳೂ ಬೇರೆ ದಾರಿ ಹಿಡಿದವು. ಅದು ಸೂಜಿಮದ್ದಿನ ಗುಣ. ಅವಳು ಮಾತ್ರ ತನ್ನ ಗೀರಿನ ಗುಣ ಅಂತಲೇ ನಂಬಿದಳು. ನಂಬುವುದಕ್ಕೆ ಪುರಾವೆ ಕಣ್ಣೆದುರೇ ಇತ್ತಲ್ಲ.

ಒಂದು ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅವನಿಗಿಲ್ಲದ ನೀರು ತನಗೇಕೆ ಅಂತ ತಾನೂ ಅದೇ ಲೋಟದಲ್ಲಿ ಅದೇ ಗೀರಿನವರೆಗೆ ಅಳೆದು ಕುಡಿಯುತ್ತಿದ್ದಳು. ಬೇಸಿಗೆಯಲ್ಲಿ ತಲೆ ಸುತ್ತಿ ಒರಳಿನ ಮೇಲೆ ಕೈಯೂರಿ ನಿಂತದ್ದೂ ಉಂಟು.

ಅವಳಿಗೆ ಅವನ ಮೇಲೆ ಇದ್ದ ಮುನಿಸು ಒಂದೇ. ಭಾನುವಾರ ಅಂಗಡಿ ತೆರೆಯದಿದ್ದರೂ, ಉಂಡ ಕೈ ಆರುವ ಮುಂಚೆ ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಯ ಕಡೆ ಹೊರಡುತ್ತಿದ್ದ. "ಇಸ್ಪೀಟಾಟ ಶುರುವಾಗಿದೆ ನಿಮ್ದು," ಅಂತ ಅವಳು ಸಿಡುಕಿದರೆ ನಕ್ಕು ಹೊರಟುಬಿಡುತ್ತಿದ್ದ.

*

ಯುದ್ಧ ಮುಗಿದ ಮರುವರ್ಷ ಚಿನ್ನಪ್ಪನಿಗೆ ಪಕ್ಕೆನೋವು ಹತ್ತಿತು. ಮೂತ್ರದಲ್ಲಿ ರಕ್ತ ಬಂತು. ನೆಲದ ಮೇಲೆ ಹೊರಳಾಡಿದ. ಮೂತ್ರಪಿಂಡದಲ್ಲಿ ಕಲ್ಲು ಅಂದರು. ಬಾಳೆದಿಂಡಿನ ರಸ, ಹುರುಳಿಕಟ್ಟು, ಯಾರು ಏನು ಹೇಳಿದರೆ ಅದನ್ನು ಮುನಿಲಕ್ಷ್ಮಮ್ಮ ಮಾಡಿದಳು. ಅವನ್ನೂ ಗೀರು ನೋಡಿಯೇ ಕೊಟ್ಟಳು. ಜ್ವರ ಬಂದು ನಡುಕ ಹಿಡಿದಾಗ ಆಸ್ಪತ್ರೆಗೆ ಹೊತ್ತೊಯ್ದರು.

"ದಿನಕ್ಕೆ ಎಷ್ಟು ನೀರು ಕುಡೀತಿದ್ರು?" ಎಂದು ಅಲ್ಲಿಯ ಡಾಕ್ಟರು ಕೇಳಿದರು.

"ಎರಡು ಲೋಟ ಸ್ವಾಮಿ, ಅದೂ ತುಂಬ ಅಲ್ಲ," ಎಂದಳು. ಒಪ್ಪವಾಗಿ ಪಾಠ ಒಪ್ಪಿಸುವ ದನಿಯಲ್ಲೇ ಹೇಳಿದಳು. "ಕಾಂಪೌಂಡರು ಹೇಳಿದ್ರಲ್ಲ, ನೀರು ಕಮ್ಮಿ ಆಗ್ಬೇಕು ಅಂತ."

ನೋಡಲು ಬಂದಿದ್ದ ಮುನಿಶಾಮಿ ಮಂಚದ ಆಚೆ ನಿಂತಿದ್ದ. ಅವನ ಮುಖ ಕಪ್ಪಿಟ್ಟಿತು.

"ಅಮ್ಮ, ನಾನು ಹೇಳಿದ್ದು ಆ ನೀರಲ್ಲ," ಎಂದ. "ಕುಡಿಯೋದಕ್ಕೆ ನಾವು ತಣ್ಣಿ ಅಂತೀವಿ. ನೀರು ಅಂದ್ರೆ ನಮ್ಮಲ್ಲಿ ಒಂದಕ್ಕೆ ಹೋಗೋದು. ಮದ್ದಿಗೆ ಅದು ಕಮ್ಮಿ ಆಗ್ತದಾ ನೋಡಿ ಅಂದೆ. ಕುಡಿಯೋದನ್ನ ಯಾರಾದ್ರೂ ಬೇಡ ಅಂತಾರಾ? ಈ ಕಾಯಿಲೆಗೂ ತಣ್ಣಿ ಬೇಕು, ಕಲ್ಲಿಗಂತೂ ಬೇಕೇ ಬೇಕು."

ಮುನಿಲಕ್ಷ್ಮಮ್ಮ ಮಂಚದ ಕಾಲು ಹಿಡಿದು ಕೆಳಗೆ ಕೂತುಬಿಟ್ಟಳು. ಜ್ವರದಲ್ಲಿ ಬೇಯುತ್ತಿದ್ದ ಚಿನ್ನಪ್ಪ ಕಣ್ಣು ತೆರೆದು ಅವಳ ತಲೆಯ ಮೇಲೆ ಕೈಯಿಟ್ಟ. "ಅಳಬೇಡ. ಪಾಷಾನ್ನ ಕೇಳು... ಹೂಜಿ..." ಎಂದ. ಜ್ವರದ ಬಡಬಡಿಕೆ ಅಂದುಕೊಂಡಳು. ಆಮೇಲೆ ಅವನಿಗೆ ಸರಿಯಾಗಿ ಎಚ್ಚರವಾಗಲೇ ಇಲ್ಲ.

*

ಹೊರಗೆ ತಮಟೆ ಒಂದು ಸುತ್ತು ಬಾರಿಸಿ ನಿಂತಿತು. "ಸರಿ, ದಾರಿ ಬಿಡಿ," ಎಂದು ಯಾರೋ ಅಂದರು. ಬಿಳಿ ಗಡ್ಡದ ಅಹ್ಮದ್ ಪಾಷಾ ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತ. ಕಂಕುಳಲ್ಲಿ ಒದ್ದೆ ಗೋಣಿ ಸುತ್ತಿದ ಮಣ್ಣಿನ ಹೂಜಿ ಇತ್ತು. ಅದರ ಬುಡದಿಂದ ಅವನ ಜುಬ್ಬಾದ ಮೇಲೆ ನೀರು ಜಿನುಗುತ್ತಿತ್ತು.

"ಭಾಬಿ, ಇದು ಚಿನ್ನಪ್ಪಣ್ಣಂದು. ಕೊಟ್ಟು ಹೋಗೋಣ ಅಂತ ಬಂದೆ," ಎಂದ.

ಹೂಜಿಯನ್ನು ಕಂಡದ್ದೇ ಮುನಿಲಕ್ಷ್ಮಮ್ಮ ತಲೆಯೆತ್ತಿದಳು. "ಏನು ಸಾಹೇಬ್ರೇ ಅದು? ಆಸ್ಪತ್ರೇಲಿ ಅವರು ಹೂಜಿ ಅಂದ್ರು. ನಿಮ್ಮನ್ನ ಕೇಳು ಅಂದ್ರು."

ಪಾಷಾ ಕೆಳಗೆ ನೋಡಿದ. "ನಿಮಗೆ ಹೇಳಬಾರ್ದು ಅಂತ ನನ್ನ ಹತ್ರ ಮಾತು ತಗೊಂಡಿದ್ದ. ಈಗ ಅವನೇ ಹೇಳೋಕೆ ಹೊರಟಿದ್ದ ಅಂದ್ರೆ ನಾನು ಹೇಳಬಹುದು. ನೀವು ಗೀರು ಹಾಕಿದ್ರಲ್ಲ, ಅದಾದ ವಾರದಲ್ಲೇ ಅವನು ಕಾಂಪೌಂಡರನ್ನ ಕೇಳಿದ್ದ, ಎಷ್ಟು ಕುಡೀಬಹುದು ಅಂತ. ಎಷ್ಟು ಬೇಕಾದ್ರೂ ತಣ್ಣಿ ಕುಡಿ ಅಂದ್ರಂತೆ. ಅವತ್ತೇ ಈ ಹೂಜಿ ತಂದು ನಮ್ಮಿಬ್ಬರ ಅಂಗಡಿ ನಡುವೆ ಇಟ್ಟ. ಬೆಳಗ್ಗೆ ತುಂಬಿಸಿದ್ರೆ ಮಧ್ಯಾಹ್ನಕ್ಕೆ ಖಾಲಿ. ಸೊಪ್ಪಿಗೆ ಚಿಮುಕಿಸಿದ್ದಕ್ಕಿಂತ ಅವನು ಕುಡಿದಿದ್ದೇ ಜಾಸ್ತಿ."

"ಭಾನುವಾರ?" ಎಂದಳು.

"ಭಾನುವಾರಾನೂ ಬರ್ತಿದ್ದ. ಬೀಗ ಹಾಕಿದ ಅಂಗಡಿ ಮುಂದೆ ಕೂತು ಕುಡಿದು ಹೋಗ್ತಿದ್ದ."

ಮುನಿಲಕ್ಷ್ಮಮ್ಮನ ಕೈಗಳು ಸೆರಗಿನಿಂದ ಆಚೆ ಬಂದಿದ್ದವು.

"ನನಗ್ಯಾಕೆ ಹೇಳ್ಲಿಲ್ಲ?"

"ನಾನೂ ಅದನ್ನೇ ಕೇಳ್ದೆ ಭಾಬಿ. ಹೇಳಿದ್ರೆ ಅವಳು ಕೊರಗ್ತಾಳೆ ಪಾಷಾ, ತಪ್ಪು ಮಾಡಿದೆ ಅಂತ ಸೊರಗಿ ಹೋಗ್ತಾಳೆ ಅಂದ. ಆ ಲೋಟ ಹಿಡ್ಕೊಂಡು ಬರುವಾಗ ಅವಳ ಮುಖ ನೋಡ್ಬೇಕು, ಮಗೂಗೆ ಹಾಲು ತಂದ ಹಾಗೆ ತರ್ತಾಳೆ, ಅದನ್ನ ಹೇಗೆ ಬೇಡ ಅನ್ಲಿ ಅಂದ. ರಾತ್ರಿ ಮಾತ್ರ ಸ್ವಲ್ಪ ಕಷ್ಟ ಅಂತಿದ್ದ." ಪಾಷಾ ಹೂಜಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ. "ಕಲ್ಲು ನಿಮ್ಮ ಲೋಟದಿಂದ ಬಂದಿದ್ದಲ್ಲ. ನಾನು ಕಣ್ಣಾರೆ ನೋಡಿದ್ದೀನಿ. ಅವನು ಬಾಯಾರಿ ಹೋಗ್ಲಿಲ್ಲ."

ಮುನಿಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಕಳ್ಳ, ಎಂದುಕೊಂಡಳು. ಇಷ್ಟು ವರ್ಷ ಎರಡೂ ಕೈಯಲ್ಲಿ ಲೋಟ ಹಿಡಿದು ಸಾಕು ಸಾಕು ಅಂದನಲ್ಲ, ಕಳ್ಳ. ಆಮೇಲೆ ಅಳು ಬಂತು. ಆಸ್ಪತ್ರೆಯಿಂದ ಈಚೆಗೆ ಒಂದು ಹನಿ ಬಾರದಿದ್ದದ್ದು ಈಗ ಕಟ್ಟೆ ಒಡೆದ ಹಾಗೆ ಬಂತು. ಮಂಜುಳಮ್ಮ ಬೆನ್ನು ಸವರಿದಳು.

"ಅದರಲ್ಲಿ ನೀರಿದೆಯಾ ಸಾಹೇಬ್ರೇ?" ಎಂದು ಅಳುತ್ತಲೇ ಕೇಳಿದಳು.

"ಇದೆ. ಇವತ್ತಲ್ಲ ನಾಳೆ ಬರ್ತಾನೆ ಅಂತ ದಿನಾ ಹಳೇದು ಚೆಲ್ಲಿ ಹೊಸದು ತುಂಬಿಸ್ತಿದ್ದೆ. ಬೆಳಗ್ಗೆ ಸುದ್ದಿ ಬರೋಕೆ ಮುಂಚೆ ತುಂಬಿಸಿಬಿಟ್ಟಿದ್ದೆ."

"ಇತ್ತ ಕೊಡಿ."

ಹಿರಿಯರೊಬ್ಬರು ಶ್ರೀರಾಮಪ್ಪನ ಕಿವಿಯಲ್ಲಿ ಏನೋ ಅಂದರು. ಬೇರೆ ಜಾತಿಯವರು ತುಂಬಿದ ನೀರು, ಕೊನೆಗಾಲದಲ್ಲಿ ಬಾಯಿಗೆ ಬಿಡುವ ನೀರು, ಎಂದೇ ಇರಬೇಕು. ಶ್ರೀರಾಮಪ್ಪ ಅಣ್ಣನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಆಮೇಲೆ ತಾನೇ ಹೊಸ್ತಿಲಿಗೆ ಹೋಗಿ ಪಾಷಾನ ಕೈಯಿಂದ ಹೂಜಿ ಇಸಿದುಕೊಂಡು ಬಂದು ಅವಳ ಮುಂದಿಟ್ಟ.

ಅವಳು ಹೂಜಿ ಬಗ್ಗಿಸಿದಳು. ಹನಿ ಹನಿಯಾಗಿ ಅಲ್ಲ, ಧಾರೆಯಾಗಿ ಬಿಟ್ಟಳು. ನೀರು ತುಟಿಯಿಂದ ಗಲ್ಲಕ್ಕಿಳಿದು ಹೊಸ ಪಂಚೆ ತೋಯಿಸಿತು. ಯಾರೂ ಸಾಕು ಅನ್ನಲಿಲ್ಲ.

*

ತಮಟೆಯ ಸದ್ದು ಓಣಿ ದಾಟಿ ಕೆರೆಯ ಕಡೆಗೆ ಹೋಯಿತು. ಪಾಷಾನೂ ಚಟ್ಟದ ಹಿಂದೆ ಹೋದ. ಹೆಂಗಸರು ಮನೆ ಸಾರಿಸಿದರು. ಚಿನ್ನಪ್ಪ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟು, ಪಕ್ಕದಲ್ಲಿಡುವ ನೀರಿಗೆ ಮಂಜುಳಮ್ಮ ಪಾತ್ರೆ ಹುಡುಕಿದಳು. ಗೂಡಿನಲ್ಲಿ ಬೋರಲು ಹಾಕಿದ್ದ ಹಿತ್ತಾಳೆ ಲೋಟ ಸಿಕ್ಕಿತು.

ಮುನಿಲಕ್ಷ್ಮಮ್ಮ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಸುರಿದುಕೊಂಡಳು. ಉಸಿರು ಬಿಡದೆ ಕುಡಿದಳು. ನಿಲ್ಲಿಸಿ, ಉಸಿರೆಳೆದು, ಮತ್ತೆ ಕುಡಿದಳು.

"ನಿಧಾನ ಅಕ್ಕ, ನೆತ್ತಿಗೆ ಹತ್ತುತ್ತೆ. ಯಾವಾಗಿಂದ ಕುಡಿದಿಲ್ಲ ನೀನು?" ಎಂದಳು ಮಂಜುಳಮ್ಮ.

ಅವಳು ತುಟಿ ಒರೆಸಿಕೊಂಡು, "ಲೋಟ ತಾ, ನಾನೇ ಹಾಕ್ತೀನಿ," ಎಂದಳು.

ದೀಪದ ಪಕ್ಕ ಲೋಟವಿಟ್ಟು ಹೂಜಿ ಬಗ್ಗಿಸಿದಳು. ನೀರು ಗೀರಿಗೆ ಬಂತು. ಅಭ್ಯಾಸಬಲದಿಂದ ಕೈ ಒಂದು ಚಣ ತಡೆಯಿತು. ಮತ್ತೆ ಬಗ್ಗಿಸಿದಳು. ಗೀರು ಮುಳುಗಿತು, ಲೋಟ ಕಂಠದವರೆಗೆ ತುಂಬಿತು, ತುಳುಕಿ ಆಗತಾನೇ ಸಾರಿಸಿದ ನೆಲದ ಮೇಲೆ ಹರಿಯಿತು. ಹೂಜಿಯಲ್ಲಿ ಇನ್ನೂ ನೀರಿತ್ತು. ಅವಳು ಹಾಕುತ್ತಲೇ ಇದ್ದಳು.